ಮೂರು ಸ್ವರಗಳ ಮುನ್ನುಡಿ

ಆಕಾಶ, ಭೂಮಿ, ಅರಸ, ಹೆತ್ತವರು, ಗುರು: ಈ ಐವರ ಹೆಸರು ಬರೆದ ಹಲಗೆಯ ಮುಂದೆ ಕೈ ತೊಳೆದು, ಊದುಬತ್ತಿ ಹಚ್ಚಿ, ಮೂರು ಸಲ ನೆಲಕ್ಕೆ ಹಣೆ ಮುಟ್ಟಿಸಿ ಈ ಪತ್ರಕ್ಕೆ ಕೂತಿದ್ದೇನೆ. ಐವರಲ್ಲಿ ಕೊನೆಯವರ ಸಾಕ್ಷಿಯೇ ಇಂದು ನನಗೆ ಬೇಕಾಗಿರುವುದು.

ಶಿಯೂನಿಂಗ್. ಚಿಯೆನ್‌ಲುಂಗ್ ಆಳ್ವಿಕೆಯ ಮೂವತ್ತನಾಲ್ಕನೆಯ ವರ್ಷ, ಎತ್ತಿನ ಸಂವತ್ಸರ, ಹತ್ತನೆಯ ತಿಂಗಳ ಮೊದಲ ದಿನ. ಅಗಲಿದವರಿಗೆ ಚಳಿಯ ಉಡುಪನ್ನು ಕಾಗದದಲ್ಲಿ ಮಾಡಿ ಸುಟ್ಟು ಕಳುಹಿಸುವ ದಿನ.

ಒಂದೇ ಗುರುವಿನ ಮನೆಯಲ್ಲಿ ಒಂದೇ ಪಾತ್ರೆಯ ಗಂಜಿ ಉಂಡ ತಮ್ಮ ಫಾಂಗ್ ಜಿಂಗ್ಯಾನನಿಗೆ, ಅಣ್ಣ ಬಾವ್ ಶೌಪು ಮಾಡುವ ಆಶೀರ್ವಾದಗಳು.

ಹಾಂಗ್‌ಚೌನಿಂದ ನೀನು ಈ ವರ್ಷ ಬರೆದ ಮೂರು ಪತ್ರಗಳೂ ತಲುಪಿವೆ. ಒಂದಕ್ಕೂ ಉತ್ತರಿಸಲಿಲ್ಲ; ಮನ್ನಿಸು. ಮೊದಲನೆಯದು ಬಂದಾಗ ಕಣ್ಣು ನೋವೆಂದು ನನಗೆ ನಾನೇ ಹೇಳಿಕೊಂಡೆ. ಎರಡನೆಯದಕ್ಕೆ ಮೊಮ್ಮಗಳ ನಿಶ್ಚಿತಾರ್ಥ ನೆಪವಾಯಿತು. ಮೂರನೆಯದಕ್ಕೆ ನೆಪವೂ ಸಿಗಲಿಲ್ಲ. ನಿನ್ನ ಎದೆನೋವು ಹೇಗಿದೆ? ಈ ದೋಣಿಯಲ್ಲೇ ಅರ್ಧ ಸೇರು ಜ್ಯೇಷ್ಠಮಧು ಕಳುಹಿಸುತ್ತಿದ್ದೇನೆ. ಬಿಸಿನೀರಿನಲ್ಲಿ ಕುದಿಸಿ ಕುಡಿ. ನಿನ್ನ ಅತ್ತಿಗೆ ಉಪ್ಪುಹಾಕಿ ಒಣಗಿಸಿದ ಬಿದಿರಿನ ಮೊಳಕೆಯನ್ನೂ ಕಟ್ಟಿಕೊಟ್ಟಿದ್ದಾಳೆ. ಅವಳಿಗೆ ಮಂಡಿ ಹಿಡಿದಿದೆ, ಬಾಯಿ ಹಿಡಿದಿಲ್ಲ.

ನಿನ್ನ ಮೂರು ಪತ್ರಗಳಲ್ಲೂ ಬೇಡಿಕೆ ಒಂದೇ. ನಲವತ್ತು ವರ್ಷ ಬೆವರಿಳಿಸಿ ಕಟ್ಟಿದ ನಿನ್ನ ಪುಸ್ತಕ ಅಚ್ಚಿಗೆ ಸಿದ್ಧವಾಗಿದೆ. ನಮ್ಮ ಪರಂಪರೆಯ ರೂಢಿಯಂತೆ ಹಿರಿಯ ಶಿಷ್ಯನಾದ ನಾನು ಅದಕ್ಕೆ ಮುನ್ನುಡಿ ಬರೆಯಬೇಕು. ಮೂರನೆಯ ಪತ್ರದ ಕೊನೆಯಲ್ಲಿ ಮಾತ್ರ ಬೇರೊಂದು ಸುದ್ದಿಯಿತ್ತು. ಅದನ್ನು ನಿನ್ನ ಕಾಗದದಿಂದಲ್ಲ, ಹಲಗೆ ಕೆತ್ತುವ ಚಿಯು ಮೇಸ್ತ್ರಿಯ ಬಾಯಿಂದಲೇ ಮೊದಲು ಕೇಳಿದೆ.

ಅವನು ಎಂಟನೆಯ ತಿಂಗಳಲ್ಲಿ ಬಂದಿದ್ದ. ಅಂಗಳದಲ್ಲಿ ಕಾಲಿಡುತ್ತಲೇ ಶುರುಮಾಡಿದ.

"ಏನ್ ಯಜಮಾನ್ರೇ, ನಿಮ್ಮ ಮುನ್ನುಡಿ ಹೆರಿಗೆ ಯಾವಾಗ? ಎಮ್ಮೆ ಆಗಿದ್ರೆ ಇಷ್ಟರಲ್ಲಿ ಎರಡು ಸಲ ಈದಿರೋದು."

"ಬರೀತೀನಿ ಕಣಯ್ಯ. ನಿನಗೇನು ಅವಸರ?"

"ನನಗೇನೂ ಇಲ್ಲಪ್ಪ. ಹಲಗೆಗೆ ಅವಸರ. ಮರಸೇಬಿನ ಮರ ಒಣಗಿ ಬಿರುಕು ಬಿಡತ್ತೆ." ಅವನು ಚಹಾ ಹೀರಿ, ತುಟಿ ಒರೆಸಿಕೊಂಡು ಕೇಳಿದ: "ಅಲ್ಲಾ ಯಜಮಾನ್ರೇ, ನನಗೆ ಓದೋಕೆ ಅಷ್ಟಾಗಿ ಬರಲ್ಲ, ಕೆತ್ತೋಕೆ ಬರತ್ತೆ. ಈ ಪುಸ್ತಕದಲ್ಲಿ ಇರೋದಾದ್ರೂ ಏನು?"

ನಾನು ಹೇಳಿದೆ. ಎರಡು ಸಾವಿರ ವರ್ಷದ ಹಿಂದೆ ನಮ್ಮ ಹಿರಿಯರು ಹಾಡು ಕಟ್ಟಿದರು. ಸಾಲಿನ ಕೊನೆಗೆ ಸಾಲಿನ ಕೊನೆ ಅವರ ಬಾಯಲ್ಲಿ ಪ್ರಾಸವಾಗಿ ಕೂಡುತ್ತಿತ್ತು. ಅದೇ ಹಾಡನ್ನು ನಾವು ಓದಿದರೆ ಎಷ್ಟೋ ಕಡೆ ಕೂಡುವುದಿಲ್ಲ. ಬಾಯಿಗಳು ಬದಲಾಗಿವೆ. ನಮ್ಮ ಲಿಪಿ ಅರ್ಥವನ್ನು ಕಾಯುತ್ತದೆ, ದನಿಯನ್ನು ಕಾಯುವುದಿಲ್ಲ. ಆದ್ದರಿಂದ ಯಾವ ಮಾತು ಯಾವ ಮಾತಿನೊಡನೆ ಸಾಲಿನ ಕೊನೆಯಲ್ಲಿ ನಿಂತಿತ್ತೆಂದು ಒಂದೊಂದಾಗಿ ಗುರುತುಹಾಕಿ, ಆ ಕಾಲದ ಬಾಯಲ್ಲಿ ಎಷ್ಟು ಸ್ವರಗಳಿದ್ದವು, ಯಾವ ಮಾತಿನಲ್ಲಿ ಯಾವುದಿತ್ತು ಎಂದು ಹೇಳುವುದೇ ಈ ವಿದ್ಯೆ.

ಮೇಸ್ತ್ರಿ ತೊಡೆ ತಟ್ಟಿದ. "ಗೊತ್ತಾಯ್ತು ಬಿಡಿ. ಮದುವೆ ಊಟದಲ್ಲಿ ಯಾರ ಪಕ್ಕ ಯಾರು ಕೂತಿದ್ರು ಅಂತ ನೋಡಿ, ಇವರು ಇವರ ನೆಂಟರು ಅಂತ ಹೇಳೋ ಹಾಗೆ."

"ಹಾಗೇ."

"ಹಂಗಾದ್ರೆ ನಿಮ್ಮ ತಮ್ಮನವರು ಈಗ ಯಾಕೆ ಹಿಂಗೆ ಮಾಡ್ತಿದಾರೆ? ಮೂರು ಮನೇವರನ್ನ ಹೊಡೆದು ಒಂದೇ ಮನೇಲಿ ತುಂಬಿ ಅಂತ ಹೇಳಿಕಳಿಸಿದಾರೆ. ನಾನು ಕೆತ್ತಿರೋ ಇಪ್ಪತ್ತೆರಡು ಹಲಗೆ ಹೆರೆದು ಹಾಕಬೇಕಂತೆ. ಈ ತಿಂಗಳು ಬೇರೆ ಕೆಲಸ ಇದೆ. ಹತ್ತನೇ ತಿಂಗಳ ಹುಣ್ಣಿಮೆಗೆ ಹೆರೆಯೋಕೆ ಕೂರ್ತೀನಿ."

ಆಗ ಒಳಗೆ ಹೋಗಿ ನಿನ್ನ ಮೂರನೆಯ ಪತ್ರವನ್ನು ಕೊನೆಯವರೆಗೆ ಓದಿದೆ. ನೀನು ಬರೆದಿದ್ದೆ: "ಅಣ್ಣ, ನಮ್ಮ ಗುರುಗಳು ಒಂದೇ ಎಂದ ಸ್ವರವನ್ನು ನಾನು ಮೂರು ಎಂದೆ. ಅವರು ಒಪ್ಪದ್ದನ್ನು ಅಚ್ಚುಹಾಕಿಸಿ ಸಾಯಲಾರೆ. ಅವರ ಕೊನೆಯ ದಿನ ನನ್ನ ಹಸ್ತಪ್ರತಿ ಅವರ ದಿಂಬಿನ ಬಳಿಯೇ ಇತ್ತು; ಅವರ ಬಾಯಿಯ ಬಳಿ ನೀನಿದ್ದೆ. ಅವರು ಚಳಿಯ ಮಾತು ಬಿಟ್ಟು ಬೇರೇನೂ ಆಡಲಿಲ್ಲ ಎಂದರೆ, ಒಪ್ಪಲಿಲ್ಲ ಎಂದೇ ಅರ್ಥ. ಹನ್ನೊಂದು ವರ್ಷ ಕಾದೆ. ಈಗ ಮೂರನ್ನೂ ಸೇರಿಸಿ ಒಂದು ಮಾಡಿದ್ದೇನೆ. ಇನ್ನಾದರೂ ನೀನು ನಿರಾತಂಕವಾಗಿ ಮುನ್ನುಡಿ ಬರೆಯಬಹುದು."

ತಮ್ಮ, ಅದನ್ನು ಓದಿ ನಾನು ಏನು ಮಾಡಿದೆನೆಂದು ಕೇಳು. ಎರಡು ಬಟ್ಟಲು ಅಕ್ಕಿಯ ಮದ್ಯ ತರಿಸಿ ಕುಡಿದೆ. ಬೂಷ್ಟು ಹಿಡಿಸಿದ ಸೋಯಾ ಹಾಲಿನ ಗಡ್ಡೆಯನ್ನು ಎಣ್ಣೆಯಲ್ಲಿ ಕರಿದುಕೊಡು ಎಂದು ನಿನ್ನ ಅತ್ತಿಗೆಗೆ ಹೇಳಿದೆ. ಅವಳು ಸೌಟು ಹಿಡಿದು ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ರೀ ಹಬ್ಬ? ಆ ಕಿವುಡಪ್ಪನಿಗೆ ಏನಾದರೂ ಕೆಟ್ಟದಾಯ್ತಾ?"

"ಬಾಯಿ ಮುಚ್ಚು. ಏನು ಮಾತು ಅಂತ ಆಡ್ತೀಯ!"

"ಮತ್ತೆ ನಿಮ್ಮ ಮುಖ ಹೀಗೆ ಅರಳಿದ್ದು ಯಾವಾಗ ನೋಡಿದ್ದೆ ನಾನು? ಅವನ ಹೆಸರು ಬಂದಾಗೆಲ್ಲ ಕಹಿ ಕಷಾಯ ಕುಡಿದ ಹಾಗೆ ಇರುತ್ತಿತ್ತು. ಮಾವನವರು ಬಿಟ್ಟುಹೋದ ಔಷಧಿ ಬೀರುವಿನಲ್ಲಿ ನೂರು ಖಾನೆ ಇದೆಯಲ್ಲ. ಹೊಟ್ಟೆಕಿಚ್ಚಿಗೆ ಮದ್ದು ಯಾವ ಖಾನೇಲಿದೆ, ಸ್ವಲ್ಪ ಹುಡುಕಿ."

ಅವಳಿಗೆ ಉತ್ತರ ಕೊಡಲಿಲ್ಲ. ನಿನಗೆ ಕೊಡುತ್ತೇನೆ. ಪತ್ರದಲ್ಲಿ ನೀನು ಕಿವುಡನಲ್ಲ, ಅಂಗೈ ಚಾಚಬೇಕಾಗಿಲ್ಲ. ನಾನೂ ಕಣ್ಣು ತಪ್ಪಿಸಬೇಕಾಗಿಲ್ಲ.

ನನಗೆ ನಿನ್ನ ಮೇಲೆ ಮತ್ಸರವಿದೆ. ಅದು ಇಂದಿನದಲ್ಲ, ನಿನ್ನೆಯದಲ್ಲ. ಚೆಂಗ್ ಗುರುಗಳ ಬಾಗಿಲಿಗೆ ಹತ್ತೊಂಬತ್ತು ವರ್ಷದ ನೀನು ಬಂದ ದಿನದಿಂದ ಇದೆ. ಏಳನೆಯ ವಯಸ್ಸಿನಲ್ಲಿ ಜ್ವರಕ್ಕೆ ಕಿವಿ ಒಪ್ಪಿಸಿದ್ದ ನೀನು, ಎದುರಿಗಿರುವವರೆಲ್ಲ ಕಿವುಡರೆಂಬಂತೆ "ಗುರುಗಳೇ, ನನ್ನನ್ನೂ ಸೇರಿಸಿಕೊಳ್ಳಿ!" ಎಂದು ಕೂಗಿದ್ದೆ. ಮರದ ಮೇಲಿನ ಕಾಗೆಗಳು ಹಾರಿದವು. ನಾವೆಲ್ಲ ನಕ್ಕೆವು. ಗುರುಗಳು ಮಾತ್ರ ಎದ್ದು ಬಂದು, ನಿನ್ನ ಕೈ ಹಿಡಿದು, ಅಂಗೈಯ ಮೇಲೆ ಬೆರಳಿನಿಂದ ಬರೆದರು: "ಬಾ."

ಆ ದಿನದಿಂದ ಅವರು ನಿನಗೆ ಪಾಠ ಹೇಳಿದ್ದು ಅಂಗೈಯ ಮೇಲೆ. ಒಂದೊಂದು ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಿನ್ನ ಕೈ ಅವರ ಮಡಿಲಲ್ಲಿರುತ್ತಿತ್ತು. ನಾನು ಮೂವತ್ತಾರು ವರ್ಷ ಅವರ ಬಳಿ ಕಲಿತೆ, ಜಿಂಗ್ಯಾನ್. ಅವರ ಬೆರಳು ನನ್ನ ಅಂಗೈಯನ್ನು ಒಮ್ಮೆಯೂ ಮುಟ್ಟಲಿಲ್ಲ. ನನಗೆ ಕಿವಿಯಿತ್ತಲ್ಲ! ಒಂದು ಚಳಿಗಾಲದಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು, ನೆಗಡಿಯಾಗಿ ಕೇಳಿಸುತ್ತಿಲ್ಲವೆಂದು ಅವರ ಮುಂದೆ ಕೈ ಚಾಚಿದೆ. ಅವರು ಗಟ್ಟಿಯಾಗಿ ಮಾತಾಡಿದರು, ಅಷ್ಟೆ.

ನನಗೆಂದು ಇದ್ದದ್ದು ಒಂದೇ, ನನ್ನ ಕಂಠ. ಹಳೆಯ ಹಾಡುಗಳನ್ನು ನಾನು ರಾಗವಾಗಿ ಓದಿದರೆ ಗುರುಗಳು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಊರವರು ಗೋಡೆಯಾಚೆ ನಿಂತು ಕೇಳುತ್ತಿದ್ದರು. ನಿನಗೆ ಮಾತ್ರ ಅದು ಎಂದೂ ಕೇಳಿಸಲಿಲ್ಲ. ಅದರಿಂದ ನನಗೆ ಒಳಗೊಳಗೇ ಸಂತೋಷವಿತ್ತು. ಈ ಒಂದು ಕೋಣೆಯೊಳಗೆ ನೀನು ಬರಲಾರೆ ಎಂದುಕೊಂಡಿದ್ದೆ.

ಆದರೆ ಬಂದೆ. ಬಾಗಿಲಿನಿಂದಲ್ಲ, ಗೋಡೆ ಒಡೆದು ಬಂದೆ. ಕೊಂಬೆ ಎಂಬ ಮಾತು, ಕೊಬ್ಬು ಎಂಬ ಮಾತು, ಹೋಗು ಎಂಬ ಮಾತು: ಇಂದಿನ ನಾಲಗೆಗೆ ಮೂರರ ದನಿಯೂ ಒಂದೇ. ನಾನೂ ಗುರುಗಳೂ ಅವನ್ನೂ ಅವುಗಳ ಬಳಗದ ನೂರಾರು ಮಾತುಗಳನ್ನೂ ಒಂದೇ ಖಾನೆಗೆ ಹಾಕಿದ್ದೆವು. ಮಾತಿನ ಚೀಟಿಗಳನ್ನು ನಾನು ಇಡುತ್ತಿದ್ದ ಆ ಔಷಧಿ ಬೀರುವಿನಲ್ಲಿ ಜ್ಯೇಷ್ಠಮಧುವಿನ ಖಾನೆ ಅದು. ಆ ಚೀಟಿಗಳಿಗೆ ಇಂದಿಗೂ ಸಿಹಿ ವಾಸನೆಯಿದೆ. ನೀನು ಒಂದು ಬೇಸಗೆ ಆ ಚೀಟಿಗಳನ್ನು ನೆಲದ ಮೇಲೆ ಹರಡಿ ಕೂತೆ. ನಿನಗೆ ದನಿಯ ಹಂಗಿಲ್ಲ. ಯಾರ ಪಕ್ಕ ಯಾರು ನಿಂತಿದ್ದಾರೆ ಎಂಬುದನ್ನು ಮಾತ್ರ ನೋಡಿದೆ. ಕೆಂಪು, ಬಿಳಿ, ಕಪ್ಪು ದಾರಗಳಿಂದ ಮೂರು ಕಟ್ಟು ಕಟ್ಟಿದೆ. ಆಮೇಲೆ "ಅಣ್ಣಾ! ಇವರು ನೆಂಟರಲ್ಲ! ಒಂದೇ ಒಂದು ಸಲವೂ ಒಟ್ಟಿಗೆ ಕೂತಿಲ್ಲ!" ಎಂದು ನೀನು ಕೂಗಿದ್ದಕ್ಕೆ ಬೀದಿಯ ನಾಯಿಗಳು ಬೊಗಳಿದವು.

ನಾನು ನಿನ್ನ ಅಂಗೈಯ ಮೇಲೆ ಬರೆದೆ: "ಕೇಳಿಸದವನು ಸ್ವರದ ಮಾತಾಡಬೇಡ." ನೀನು ನಕ್ಕೆ. ತಮಾಷೆಯೆಂದುಕೊಂಡೆ. ಅದು ತಮಾಷೆಯಾಗಿರಲಿಲ್ಲ.

ಕಿವಿಯ ವಿದ್ಯೆಯನ್ನು ಕಿವಿಯಿಲ್ಲದವನು ಗೆದ್ದನಲ್ಲ ಎಂಬ ಉರಿ ನನ್ನನ್ನು ಬಿಡಲಿಲ್ಲ. ಗುರುಗಳು ಹೋದಮೇಲೆ ಹನ್ನೊಂದು ವರ್ಷ ನಾನು ಒಂದು ಕೆಲಸವನ್ನು ಗುಟ್ಟಾಗಿ ಮಾಡಿದೆ. ಮುನ್ನೂರು ಚಿಲ್ಲರೆ ಹಾಡುಗಳ ಪ್ರತಿಯೊಂದು ಸಾಲಿನ ಕೊನೆಯನ್ನೂ ಹುಡುಕಿದೆ, ನಿನ್ನ ಮೂರು ಕಟ್ಟುಗಳು ಎಲ್ಲಾದರೂ ಒಮ್ಮೆ ಬೆರೆತಿವೆಯೇ ಎಂದು. ನಾಲ್ಕು ಕಡೆ ಸಿಕ್ಕಿತೆಂದು ಕುಣಿದೆ. ಎರಡು, ನಕಲುಗಾರರು ಮಾಡಿದ ತಪ್ಪುಗಳು. ಒಂದರಲ್ಲಿ ಸಾಲನ್ನು ನಾನೇ ತಪ್ಪಾಗಿ ಮುರಿದಿದ್ದೆ. ನಾಲ್ಕನೆಯದು ಬೆರಕೆಯೇ ಅಲ್ಲ. ಹಾಡಿನಲ್ಲಿ ಅಲ್ಲಿಂದ ಪ್ರಾಸವೇ ಬದಲಾಗುತ್ತದೆ. ನಿನ್ನ ಪುಸ್ತಕವನ್ನು ನನ್ನಷ್ಟು ಶ್ರದ್ಧೆಯಿಂದ ಯಾರೂ ಓದಿಲ್ಲ ತಮ್ಮ. ಭಕ್ತಿಯಿಂದ ಓದುವವನು ಅಲ್ಲಲ್ಲಿ ತೂಕಡಿಸುತ್ತಾನೆ. ಮತ್ಸರದಿಂದ ಓದುವವನು ರೆಪ್ಪೆ ಮುಚ್ಚುವುದಿಲ್ಲ. ಆದ್ದರಿಂದ ಅದು ನಿಜವೆಂಬುದು ಈ ಲೋಕದಲ್ಲಿ ನಿನಗಿಂತಲೂ ನನಗೆ ಹೆಚ್ಚು ಗೊತ್ತು.

ಹೀಗಾಗಿ ಮದ್ಯ ಕುಡಿದ ಆ ಸಂಜೆಯ ಹಿಗ್ಗು ಮರುದಿನ ನಿಲ್ಲಲಿಲ್ಲ. ಬೆಳಿಗ್ಗೆ ಎದ್ದು, ನಿನ್ನ ಅಪ್ಪಣೆಯನ್ನು ನಾನೇ ಮೊದಲು ನಡೆಸಿನೋಡೋಣವೆಂದು, ಮೂರು ಕಟ್ಟುಗಳ ದಾರ ಬಿಚ್ಚಿ ಚೀಟಿಗಳನ್ನು ಹಳೆಯ ಖಾನೆಗೆ ಸುರಿದೆ. ಖಾನೆ ಮುಚ್ಚಲು ಕೈ ಬರಲಿಲ್ಲ. ಅಲ್ಲಿಯೇ ಕೂತು, ಮಧ್ಯಾಹ್ನದವರೆಗೆ, ಪುನಃ ಮೂರು ಮಾಡಿ ಕಟ್ಟಿದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಆ ಮೂರು ಸ್ವರಗಳು ಬಾಯಲ್ಲಿ ಹೇಗಿದ್ದಿರಬಹುದೆಂದು ಜಗಲಿಯ ಮೇಲೆ ಕೂತು ನಾಲಗೆಯನ್ನು ಮುಂದಕ್ಕೆ, ಹಿಂದಕ್ಕೆ, ಮೇಲಕ್ಕೆ ತಿರುಗಿಸಿ ದನಿ ತೆಗೆಯುತ್ತಿದ್ದೆ. ನಿನ್ನ ಅತ್ತಿಗೆ ಓಡಿಬಂದಳು.

"ಹಲ್ಲು ನೋವಾ? ಲವಂಗ ತರಲಾ?"

"ಹಲ್ಲಲ್ಲ ಕಣೇ, ಎರಡು ಸಾವಿರ ವರ್ಷದ ಹಿಂದಿನವರು ಹೇಗೆ ಮಾತಾಡ್ತಿದ್ರು ಅಂತ ನೋಡ್ತಿದೀನಿ."

"ಹೀಗೆ ಮಾತಾಡ್ತಿದ್ದಿದ್ರೆ ಅವರಿಗೆ ಮದುವೆ ಹೇಗಾಯ್ತೋ!"

ನೀನಿದ್ದಿದ್ದರೆ ನನ್ನ ತುಟಿ ನೋಡಿಯೇ ನಗುತ್ತಿದ್ದೆ. ಮೂರು ಎಂದು ನಿನಗೆ ಗೊತ್ತು. ಹೇಗೆ ಎಂದು ಇಬ್ಬರಿಗೂ ಗೊತ್ತಿಲ್ಲ. ಅಷ್ಟರಲ್ಲಾದರೂ ನಾವು ಸಮಾನರು.

ಇವತ್ತು ಗುರುಗಳ ಸಮಾಧಿಗೆ ಹೋಗಿದ್ದೆವು. ಪ್ರತಿವರ್ಷ ಈ ದಿನ ನೀನೇ ಏಳು ದಿನದ ದೋಣಿ ಪ್ರಯಾಣ ಮಾಡಿ ಬಂದು, ಕಾಗದದ ಹೊದಿಕೆ, ಒಳಗೆ ನಿಜವಾದ ಹತ್ತಿಯಿಟ್ಟ ಕಾಗದದ ಪಾದರಕ್ಷೆ ಸುಟ್ಟು, ಗುರುಗಳ ಕಾಲಿಗೆ ಬೆಚ್ಚಗಾಗಲಿ ಎಂದು ನೆಲಕ್ಕೆ ಹಣೆ ಹಚ್ಚುತ್ತಿದ್ದೆ. ಈ ಸಲ ಎದೆನೋವಿನಿಂದ ಬರಲಾಗದೆ ದೋಣಿಯವನ ಕೈಯಲ್ಲಿ ಕಳುಹಿಸಿದ್ದೆ. ಹೊಲಿಗೆ ಎಷ್ಟು ಸಣ್ಣದು! ಆ ನಡುಗುವ ಕೈಯಲ್ಲಿ ಹೇಗೆ ಹೊಲಿದೆ?

ಚಕಮಕಿ ಬಡಿಯಲು ಹೋದೆ. ಆಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ.

"ಬೆಂಕಿ ಹಚ್ಚೋಕೂ ಬರಲ್ವಾ? ಕೊಡಿ ಇಲ್ಲಿ" ಎಂದಳು ನಿನ್ನ ಅತ್ತಿಗೆ. ನಾನು ಕೊಡಲಿಲ್ಲ. ಅವಳು ಪಾದರಕ್ಷೆಯ ಹೊಲಿಗೆಯನ್ನು ಬೆರಳಲ್ಲಿ ಸವರಿ ಅಂದಳು: "ಹನ್ನೊಂದು ವರ್ಷ ಆಯ್ತು. ಗುರುಗಳಿಗೆ ಇನ್ನೂ ಚಳೀನಾ?"

ಪಾದರಕ್ಷೆಯನ್ನು ಸುಡದೆ ಮನೆಗೆ ತಂದಿದ್ದೇನೆ. ಅದು ಈಗ ನನ್ನ ಮೇಜಿನ ಮೇಲಿದೆ. ಅದನ್ನು ನೋಡುತ್ತಲೇ ಮುನ್ನುಡಿ ಬರೆದು ಮುಗಿಸಿದೆ; ಇದರೊಂದಿಗೆ ಇಟ್ಟಿದ್ದೇನೆ. ಅದರಲ್ಲಿ ಹೀಗಿದೆ: "ನಮ್ಮ ಗುರುಗಳು ಒಂದೆಂದು ತಿಳಿದ ಸ್ವರವನ್ನು ಫಾಂಗ್ ಜಿಂಗ್ಯಾನನು ಮೂರೆಂದು ತೋರಿಸಿದ್ದಾನೆ. ಈತನ ಹಿರಿಯ ಸಹಪಾಠಿಯಾದ ನಾನು ಇದನ್ನು ಮುರಿಯಲು ಹನ್ನೊಂದು ವರ್ಷ ಯತ್ನಿಸಿ ಸೋತಿದ್ದೇನೆ. ಓದುವವರು ನನ್ನ ಸೋಲನ್ನೇ ಇದರ ಪ್ರಮಾಣವೆಂದು ತಿಳಿಯಬೇಕು." ಮೂರನ್ನು ಒಂದು ಮಾಡಬೇಡ. ಮೇಸ್ತ್ರಿಗೆ ಹೆರೆಯಬೇಡವೆಂದು ಹೇಳಿಕಳಿಸಿದ್ದೇನೆ. ನಿನ್ನ ಮುದ್ರೆಯಿರುವ ಕಾಗದ ಬರುವವರೆಗೆ ಮಾತ್ರ ಕಾಯುತ್ತೇನೆ ಎಂದಿದ್ದಾನೆ. ಬೇಗ ಬರೆ.

ನಿನ್ನ ಉಸಿರು ಸಲೀಸಾಗಲಿ. ನಿನ್ನ ದೀಪಕ್ಕೆ ಎಣ್ಣೆ ಮುಗಿಯದಿರಲಿ.

ನಿನ್ನ ಅಣ್ಣ,
ಬಾವ್ ಶೌಪು

ಪತ್ರ ಮಡಚಿದ ಮೇಲೆ ಬರೆದದ್ದು:

ಇಷ್ಟಕ್ಕೆ ನೀನು ಒಪ್ಪುವುದಿಲ್ಲವೆಂದು ನನಗೆ ಗೊತ್ತು. "ಗುರುಗಳು ಒಪ್ಪಿದರೇ?" ಎಂದು ಮತ್ತೆ ಕೇಳುತ್ತೀಯ. ನನ್ನ ಮುನ್ನುಡಿಯನ್ನು ಕಣ್ಣಿಗೆ ಒತ್ತಿಕೊಂಡು, ಹಲಗೆಗಳನ್ನು ಹೆರೆಸುತ್ತೀಯ. ಆದ್ದರಿಂದ ಅಂಟು ಹಚ್ಚಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ.

ಎರಡನೆಯ ತಿಂಗಳ ಆ ಮುಂಜಾನೆ ನೆನಪಿದೆಯಲ್ಲ? ಅಂಗಳದಿಂದ ಬಿಸಿಲು ಮಂಚದವರೆಗೆ ಬಂದಿತ್ತು. ನೀನು ಗುರುಗಳ ಕಾಲು ಒತ್ತುತ್ತಿದ್ದೆ. ಅವರು ಬೆರಳಾಡಿಸಿ ನನ್ನನ್ನು ಕರೆದರು. ಅವರ ದನಿ ಎಷ್ಟು ಸಣ್ಣಗಾಗಿತ್ತೆಂದರೆ ನಾನು ಕಿವಿಯನ್ನು ಬಾಯಿಗೇ ಇಟ್ಟೆ. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ; ಹನ್ನೊಂದು ವರ್ಷದಿಂದ ದಿನವೂ ಕೇಳಿಸಿಕೊಳ್ಳುತ್ತಿದ್ದೇನೆ.

"ಶೌಪು, ಅವನದೇ ಸರಿ ಕಣಪ್ಪ. ಮೂರೇ. ನಾನು ನಿನ್ನ ಕಂಠಕ್ಕೆ ಮರುಳಾದೆ. ನೀನು ಹಾಡಿದರೆ ಎಲ್ಲ ಪ್ರಾಸವೂ ಕೂಡಿಬಿಡುತ್ತಿತ್ತು. ಬಿರುಕಿನ ಮೇಲೆ ಸುಣ್ಣ ಹೊಡೆದ ಹಾಗೆ. ಏನೂ ಕಾಣಿಸಲಿಲ್ಲ. ಹಳಬರ ದನಿ ಕಿವಿ ಇಲ್ಲದವನಿಗೇ ಕೇಳಿಸಿತು ನೋಡು. ಅವನಿಗೆ ಹೇಳು. ಅಚ್ಚು ಹಾಕಿಸು ಅಂತ ಹೇಳು. ಈಗಲೇ, ಅಂಗೈ ಮೇಲೆ ಬರೆದು ಹೇಳು."

ನೀನು ನಮ್ಮ ತುಟಿಗಳನ್ನೇ ನೋಡುತ್ತಿದ್ದೆ. ಅಂಗೈ ಚಾಚಿದೆ. "ಏನಂದ್ರು ಅಣ್ಣ?" ಎಂದು ಕೇಳಿದೆ, ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ ಕೇಳಿದೆ.

ನಾನು ಬರೆದೆ: "ಕಾಲಿಗೆ ಚಳಿ ಅಂತೆ."

ನನ್ನ ಬದುಕಿಗೆ ಇದ್ದ ಒಂದೇ ಸ್ವತ್ತನ್ನು ಅವರು ತಪ್ಪಿನ ಮೂಲವೆಂದು ಹೇಳಿಹೋದರು. ಅದನ್ನು ನಿನ್ನ ಕೈಯ ಮೇಲೆ ನನ್ನ ಬೆರಳಿನಿಂದಲೇ ಬರೆಯಲು ನನ್ನಿಂದಾಗಲಿಲ್ಲ.

ನೀನು ತಕ್ಷಣ ನಿನ್ನ ಹತ್ತಿಯಂಗಿ ಬಿಚ್ಚಿ ಅವರ ಪಾದಗಳಿಗೆ ಸುತ್ತಿ, ಅದರ ಮೇಲೆ ಹಣೆಯಿಟ್ಟೆ. ಗುರುಗಳು ಅದನ್ನು ನೋಡಿದರು. ಸುದ್ದಿ ನಿನಗೆ ತಲುಪಿತು, ಅದಕ್ಕೇ ಕೃತಜ್ಞತೆಯಿಂದ ನಮಸ್ಕರಿಸುತ್ತಿದ್ದೀಯ ಎಂದು ತಿಳಿದು ಮುಗುಳ್ನಕ್ಕರು. ಆ ನಗುವಿನಲ್ಲೇ ಹೋದರು. ಹೀಗೆ ಒಂದೇ ಸುಳ್ಳಿನಿಂದ ನಾನು ಇಬ್ಬರನ್ನು ವಂಚಿಸಿದೆ. ಅವರು ತೃಪ್ತರಾಗಿ ಹೋದರು. ನೀನು ಹನ್ನೊಂದು ಚಳಿಗಾಲ ಅವರ ಬೆಚ್ಚಗಿನ ಕಾಲಿಗೆ ಪಾದರಕ್ಷೆ ಹೊಲಿದೆ. ನಿನ್ನ ಪಕ್ಕದಲ್ಲಿ ನಿಂತು ಚಕಮಕಿ ಬಡಿದು ಕಿಡಿ ಕೊಟ್ಟವನು ನಾನು.

ಅವರ ಕಾಲಿಗೆ ಚಳಿಯಿರಲಿಲ್ಲ ತಮ್ಮ. ಇದನ್ನು ಮುನ್ನುಡಿಯ ಎರಡನೆಯ ಹಾಳೆಯಲ್ಲಿ, ನನ್ನ ಹೆಸರಿನ ಕೆಳಗೆ, ಗುರುಗಳ ಮಾತಿನೊಂದಿಗೆ ಬರೆದು ಮುದ್ರೆಯೊತ್ತಿದ್ದೇನೆ. ಮೇಸ್ತ್ರಿ ಅದನ್ನೂ ಕೆತ್ತಲಿ. ನೀನು ತೆಗೆಸಬಾರದು, ಅಣ್ಣನಾಗಿ ನಾನು ನಿನಗೆ ಮಾಡುವ ಕೊನೆಯ ಆಜ್ಞೆ ಇದು.

ನನ್ನನ್ನು ಅಣ್ಣ ಎಂದು ಮತ್ತೆ ಕರೆಯುವುದೂ ಬಿಡುವುದೂ ನಿನ್ನ ಇಷ್ಟ. ಆ ಪಾದರಕ್ಷೆಗಳನ್ನು ಇಟ್ಟುಕೊಂಡಿರುತ್ತೇನೆ. ಹಣೆಬರಹದಲ್ಲಿದ್ದರೆ, ನೀನು ಬರುವ ಮೊದಲು ನನ್ನ ಕಾಲೇ ತಣ್ಣಗಾದರೆ, ಅವನ್ನು ನನಗೆ ಸುಡು.

ಗುರುಗಳ ಆತ್ಮ ಯಾರ ಸುಳ್ಳಿನ ಹೊದಿಕೆಯೂ ಇಲ್ಲದೆ ಬೆಚ್ಚಗಿರಲಿ. ನಿನ್ನ ಎದೆಯ ನೋವು ಈ ಪತ್ರದ ನೋವಿಗಿಂತ ಬೇಗ ಮಾಯಲಿ. ಚಿಯು ಮೇಸ್ತ್ರಿಯ ಉಳಿ ಜಾರದಿರಲಿ, ಅವನ ಹಲಗೆ ಬಿರಿಯದಿರಲಿ. ನಿನ್ನ ಅತ್ತಿಗೆಯ ಮಂಡಿ ಸಡಿಲಾಗಲಿ, ನಾಲಗೆ ಹೀಗೇ ಇರಲಿ. ನಮಗಿಂತ ಎರಡು ಸಾವಿರ ವರ್ಷ ಮೊದಲು ಹೊಲದಲ್ಲಿ, ಹೊಳೆಯಂಚಿನಲ್ಲಿ ಹಾಡಿ ಮಣ್ಣಾದ ಆ ಹೆಸರಿಲ್ಲದ ಬಾಯಿಗಳಿಗೆ ಶಾಂತಿ ದೊರೆಯಲಿ. ಅವರ ಮೂರು ಸ್ವರಗಳನ್ನು ಇನ್ನು ಯಾವ ಕೈಯೂ ಒಂದು ಖಾನೆಯಲ್ಲಿ ಮುಚ್ಚದಿರಲಿ. ಇದನ್ನು ಓದುವವರಿಗೆಲ್ಲ ಕಿವಿಯಿರಲಿ, ಇಲ್ಲದವರಿಗೆ ನಿನ್ನ ಕಣ್ಣಿರಲಿ.